ಬಿಳಿ ಹುಲ್ಲಿನ ತೇಪೆ

ಕೆರೆದಂಡೆಯ ಜಾಲಿಮರದಲ್ಲಿ ಗೀಜಗಗಳ ಮುತ್ತಜ್ಜ ನೇಯ್ದಿದ್ದ ಗೂಡು ಹರಿದು ಜೋತಾಡುತ್ತಿತ್ತು. ಅದನ್ನು ಸರಿಪಡಿಸಲೆಂದು ಯಜಮಾನ ಗೀಜಗ ಕಡಲಾಚೆಯಿಂದ ಹೆಸರುವಾಸಿ ಗೀಜಗವೊಂದನ್ನು ಕರೆಸಿದ. ಬಂದ ಅತಿಥಿ ಹರಿದ ಕಡೆ ಮಾತ್ರ ಬಿಳಿ ಹುಲ್ಲು ಸೇರಿಸಿ ಬಿಗಿದ.

ಯಜಮಾನನಿಗೆ ಮೈಯೆಲ್ಲ ಉರಿದುಹೋಯಿತು. "ಏನಯ್ಯಾ ಇದು! ನಮ್ಮೂರಲ್ಲಿ ಕಂದು ಹುಲ್ಲಿಗೆ ಬರವೇ? ತೇಪೆ ಊರಿಗೆಲ್ಲ ಕಾಣುತ್ತದೆ!"

"ಕಾಣಲಿ ಅಂತಲೇ ಹಾಕಿದ್ದು ಯಜಮಾನರೇ. ನಿಮ್ಮ ಮುತ್ತಜ್ಜನ ಕೆಲಸಕ್ಕೆ ನನಗೆ ಹೊಗಳಿಕೆ ಬೇಡ. ನಾಳೆ ನನ್ನ ಗಂಟು ಸಡಿಲವಾದರೆ ಬೈಗುಳ ಅವರಿಗೆ ಹೋಗಲೂ ಬಾರದು."

ಬಿಳಿ ಹುಲ್ಲನ್ನು ಕೀಳಲು ಚಾಚಿದ್ದ ಕೊಕ್ಕನ್ನು ಯಜಮಾನ ಮೆಲ್ಲಗೆ ಹಿಂದಕ್ಕೆಳೆದುಕೊಂಡ. ಅಂದಿನಿಂದ ಗೂಡು ನೋಡಲು ಬಂದವರಿಗೆಲ್ಲ ಅವನು ಎದೆಯುಬ್ಬಿಸಿ ಹೇಳತೊಡಗಿದ: "ಈ ಕಂದು ಗಂಟೆಲ್ಲ ನಮ್ಮ ಮುತ್ತಜ್ಜನದು. ಈ ಬಿಳಿಯದು ನಮ್ಮ ನೆಂಟರದು."