ಒಗ್ಗರಣೆ ಸೌಟೂ ಕಕ್ಕಸಿನ ಚೊಂಬೂ

ಹಿತ್ತಿಲ ನಲ್ಲಿಯ ಹತ್ತಿರ ತೊಳೆದಿಟ್ಟ ಒಗ್ಗರಣೆ ಸೌಟಿನ ಪಕ್ಕಕ್ಕೆ ಕಕ್ಕಸಿನ ಚೊಂಬು ಉರುಳಿ ಬಂತು.

"ದೂರ ಇರು," ಎಂದಿತು ಸೌಟು. "ಅಳಿಯಂದಿರ ಊಟದ ಹೊತ್ತಾಯಿತು. ನಿನ್ನೆ ನನ್ನ ಖಾರಕ್ಕೆ ಅವರು ಎಲೆಯನ್ನೇ ಬಳಿದು ಉಂಡರು."

"ನಿನಗೆ ಕಾಣುವುದು ಎಲೆಯವರೆಗೆ. ಆಮೇಲಿನದನ್ನು ನಾನು ನೋಡಿದ್ದೇನೆ. ಉಂಡೆದ್ದವರು ಸಂಜೆಯವರೆಗೂ ನನ್ನನ್ನು ಕೆಳಗಿಡಲಿಲ್ಲ. ರಕ್ತ ಹೋಯಿತು. ಅವರಿಗೆ ಕರುಳಿನ ಉರಿಯೂತ."

"ಖಾರ ಬೇಡ ಅನ್ನಬಹುದಿತ್ತಲ್ಲ?"

"ಅತ್ತೆ ನೊಂದುಕೊಳ್ಳುತ್ತಾರೆಂದು ಬಾಯಿ ಮುಚ್ಚಿಕೊಂಡಿದ್ದಾರೆ."

ಅಷ್ಟರಲ್ಲಿ ಅತ್ತೆ ಸರಸಮ್ಮ ಬಂದು ಸೌಟನ್ನು ಎತ್ತಿಕೊಂಡು ಹೋದರು. ಸೌಟಿನಲ್ಲಿ ಎಣ್ಣೆ ಕಾಯಿತು. ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ ಬಿತ್ತು. ನಡುಮನೆಯಲ್ಲಿ ಅಳಿಯ ಶಶಾಂಕ ಎಲೆಯ ಮುಂದೆ ಹೊಟ್ಟೆ ಹಿಡಿದು ಕೂತಿದ್ದ. ತೊವ್ವೆಯ ಪಾತ್ರೆ ಬಾಯಿ ತೆರೆದು ಕಾಯುತ್ತಿತ್ತು. ಸೌಟು ಪಾತ್ರೆಯ ಮೇಲೆ ಬಂದೇ ಬಿಟ್ಟಿತು.

ತಟ್ಟನೆ ಅದು ಮೈ ತಿರುಗಿಸಿ ಮಗುಚಿಕೊಂಡಿತು. ಖಾರವೆಲ್ಲ ಕಟ್ಟೆಯ ಪಾಲಾಯಿತು.

"ಹಾಳು ಸೌಟು! ಇದನ್ನು ಗುಜರಿಗೆ ಹಾಕಬೇಕು," ಎಂದು ಸರಸಮ್ಮ ಕೆಮ್ಮುತ್ತ ಬೈದರು. ಅಳಿಯನನ್ನು ಎಲೆಯ ಮುಂದೆ ಕಾಯಿಸುವ ಹಾಗಿರಲಿಲ್ಲ. ಸೌಟನ್ನು ಒರೆಸಿ, ತುಪ್ಪಕ್ಕೆ ಜೀರಿಗೆಯಷ್ಟೇ ಹಾಕಿ ತೊವ್ವೆಗೆ ಸುರಿದರು. ಅಳಿಯನಿಗೆ ಸಪ್ಪೆ ತೊವ್ವೆ ಬಡಿಸುವಾಗ ನಾಚಿಕೆಯಿಂದ ಅವರಿಗೆ ತಲೆ ಎತ್ತಲಾಗಲಿಲ್ಲ.

"ಅತ್ತೆ, ಇನ್ನೊಂದು ಸ್ವಲ್ಪ ತೊವ್ವೆ ಹಾಕಿ," ಎಂದ ಶಶಾಂಕ.

ಸೌಟಿಗೆ ಯಾರೂ ಶಹಬ್ಬಾಸ್ ಅನ್ನಲಿಲ್ಲ. ಸಂಜೆ ಅದು ನಲ್ಲಿಯ ಹತ್ತಿರ ಬಂದಾಗ, ಚೊಂಬು ಬಿದ್ದಿದ್ದ ಜಾಗದಲ್ಲೇ ಇತ್ತು, ಮೈಯೆಲ್ಲ ಒಣಗಿತ್ತು. ಸೌಟು ತಾನಾಗಿಯೇ ಸರಿದು ಅದರ ಪಕ್ಕದಲ್ಲಿ ಮಲಗಿತು.