ಕರಿಬಸ್ಯಾ ಸಿಕ್ಕಿಬಿದ್ದ ಜಾಗ

ದರೋಡೆಕೋರ ಕರಿಬಸ್ಯಾ ಪೊಲೀಸರಿಗೆ ಸಿಕ್ಕಿ ತೊಂಬತ್ತು ವರ್ಷವಾಗಿತ್ತು. ಎಲ್ಲಿ ಸಿಕ್ಕಿದ ಅನ್ನೋದು ಊರಿಗೇ ಮರೆತುಹೋಗಿತ್ತು. ಆ ಜಾಗದಲ್ಲಿ ಒಂದು ಕಲ್ಲು ನಿಲ್ಲಿಸಬೇಕೆಂದು ಹೊಸ ತಹಸೀಲ್ದಾರರಿಗೆ ಹುಕಿ ಬಂತು.

"ನಾಳೆ ಸಂಜೆಯೊಳಗೆ ಜಾಗ ಗೊತ್ತಾಗಬೇಕು. ಇಲ್ಲದಿದ್ದರೆ ನಿಮಗೆ ವರ್ಗಾವಣೆ!" ಎಂದು ದಾಖಲೆ ಕೋಣೆಯ ಗುಮಾಸ್ತೆ ದಾಕ್ಷಾಯಣಿಗೆ ಗುಡುಗಿದರು.

ದಾಕ್ಷಾಯಣಿ ಡಂಗುರ ಸಾರಿಸಿದಳು. ಮರುದಿನ ಕಚೇರಿ ಮುಂದೆ ಏಳು ಮಂದಿ ನಿಂತಿದ್ದರು. "ನಮ್ಮ ಅಂಗಳದಾಗ ಸಿಕ್ಕಾಂವ, ನಮ್ಮ ಮುತ್ತಜ್ಜನೇ ಅವನ್ನ ಹಿಡಿದದ್ದು" ಅಂತ ಆರು ಜನರದೂ ಒಂದೇ ಮಾತು. ಒಬ್ಬ ಮುದುಕಿ ಮಾತ್ರ ಸುಮ್ಮನಿದ್ದಳು.

ದಾಕ್ಷಾಯಣಿ ಒಬ್ಬೊಬ್ಬರನ್ನೇ ಒಳಗೆ ಕರೆದು ಒಂದೇ ಪ್ರಶ್ನೆ ಕೇಳಿದಳು: "ಸಿಕ್ಕಾಗ ಅವನ ಕೈಯಲ್ಲಿ ಏನಿತ್ತು?"

ಒಬ್ಬ ಕತ್ತಿ ಅಂದ. ಇನ್ನೊಬ್ಬ ಬಂದೂಕು ಅಂದ. ಗೌಡರ ಮರಿಮಗ ಎರಡೂ ಕೈಗೆ ಒಂದೊಂದು ಕೊಡಲಿ ಕೊಟ್ಟ.

ಕೊನೆಗೆ ಕುಂಬಾರ ಓಣಿಯ ಆ ಮುದುಕಿ ಸಿದ್ದವ್ವ ಬಂದಳು.

"ನೀರಿನ ಕೊಡ ಇತ್ತವ್ವಾ. ನಮ್ಮಜ್ಜಿ ಆಗಷ್ಟ ಹಡದಿದ್ಲು, ಮನ್ಯಾಗ ಬ್ಯಾರೆ ಯಾರೂ ಇರಲಿಲ್ಲ. ಅಡಗಿಕೊಳ್ಳಾಕ ಬಂದಾಂವ ಬಾಣಂತಿಗೆ ನೀರು ತರಾಕ ಹೋದ. ತಿರುಗಿ ಬರೂದ್ರಾಗ ಬಾಗಿಲಾಗ ಪೊಲೀಸರು ನಿಂತಿದ್ರು."

ದಾಕ್ಷಾಯಣಿ ಸಿದ್ದವ್ವನನ್ನು ಕರೆದುಕೊಂಡು ಹೋಗಿ, ಕರಿಬಸ್ಯಾನ ಹಳೆಯ ಕಡತವನ್ನು ತಹಸೀಲ್ದಾರರ ಮುಂದಿಟ್ಟಳು. ಜಾಗದ ಹೆಸರನ್ನು ಗೆದ್ದಲು ತಿಂದಿತ್ತು. ಅದರ ಕೆಳಗಿನ ಸಾಲು ಉಳಿದಿತ್ತು: "ಆರೋಪಿಯ ಕೈಯಲ್ಲಿದ್ದದ್ದು ಮಣ್ಣಿನ ಕೊಡ ಒಂದು, ನೀರು ಸಹಿತ."

ತಹಸೀಲ್ದಾರರು ಆ ಸಾಲನ್ನು ಎರಡು ಸಲ ಓದಿದರು. ಆಮೇಲೆ ಮೆಲ್ಲಗೆ ಕೇಳಿದರು: "ಅಜ್ಜಿ, ಕೊಡ ಬಿಸಾಕಿ ಓಡಬಹುದಿತ್ತಲ್ಲ?"

"ಪೊಲೀಸರೂ ಅದನ್ನ ಕೇಳಿದ್ರಂತ್ರೀ. 'ಕೊಡ ಒಳಗಿಟ್ಟು ಬರ್ತೀನಿ, ನಿಲ್ರಿ' ಅಂದನಂತ. ಇಟ್ಟು ಬಂದ."