ಬಾಳವ್ವ ಹೊಸೆದ ಹಗ್ಗ

ಬೋಳಬಂಡೆ ಮಠದ ಪೂಜ್ಯ ಅಜ್ಜನವರು ಗದ್ದಿಗೆಯ ಮೇಲೆ ಕೂತದ್ದನ್ನು ಕಂಡವರು ಕಡಿಮೆ. ಭಕ್ತರು ಮಾಡಿಸಿಕೊಟ್ಟ ಮಖಮಲ್ಲಿನ ಗಾದಿ ಮಠದ ಬೆಕ್ಕಿನ ಪಾಲಾಗಿತ್ತು. ಅಜ್ಜನವರು ದನದ ಕೊಟ್ಟಿಗೆಯ ಮುಂದಿನ ಹಾಸುಗಲ್ಲಿನ ಮೇಲೆ ಕಾಲು ಚಾಚಿ ಕೂತು ಪುಂಡಿ ಗಿಡದ ನಾರಿನ ಹಗ್ಗ ಹೊಸೆಯುತ್ತಿದ್ದರು. ಮಠದಲ್ಲಿದ್ದವು ನಾಲ್ಕೇ ಆಕಳು, ಅವಕ್ಕೆ ಬೇಕಾದ ಹಗ್ಗ ಎಂದೋ ಆಗಿತ್ತು. ಆದರೂ ಪೂಜ್ಯರ ಕೈ ನಿಲ್ಲುತ್ತಿರಲಿಲ್ಲ. ಊರಿನ ಯಾವ ದನದ ಕೊರಳು ನೋಡಿದರೂ ಅಲ್ಲಿ ಅಜ್ಜನವರ ಹಗ್ಗವೇ.

ಸ್ವಾಮಿಗಳಾದವರು ಜಪಮಾಲೆ ಹಿಡಿಯುವುದು ಬಿಟ್ಟು ನಾರು ಹಿಡಿದರೆ ಮಠದ ಮರ್ಯಾದೆ ಏನಾಗಬೇಕು ಎಂದು ಪಂಚರೊಬ್ಬರು ಗೊಣಗುವುದಿತ್ತು. ಮರ್ಯಾದೆಯ ಮಾತನಾಡುವ ಆ ಪಂಚರ ಸೊಸೆ ಒಂದೇ ವರ್ಷದಲ್ಲಿ ಮೂರು ಸಲ ತವರಿಗೆ ಓಡಿಹೋದದ್ದು ಯಾಕೆಂದು ಊರಿಗೆಲ್ಲ ಗೊತ್ತು. ಇರಲಿ, ಪುಣ್ಯಪುರುಷರ ಪ್ರಸಂಗದ ನಡುವೆ ಆ ಕಥೆ ಬೇಡ.

ಒಂದು ಸೋಮವಾರ ಮುಂಜಾನೆ ಬಾಳವ್ವ ತನ್ನ ತಂಗಿಯ ಮಗಳು ಸುಗಲಾಳ ರಟ್ಟೆ ಹಿಡಿದು ಎಳೆದುಕೊಂಡೇ ಮಠಕ್ಕೆ ಬಂದಳು. ತಂಗಿ ತೀರಿಕೊಂಡಾಗ ಈ ಹುಡುಗಿಗೆ ನಾಲ್ಕು ವರ್ಷ. ಅಂದಿನಿಂದ ಸಾಕಿದವಳು ಬಾಳವ್ವ. ಸಾಕಿದ್ದೇನೋ ಸುಳ್ಳಲ್ಲ, ತನ್ನ ತಟ್ಟೆಯ ತುಪ್ಪ ತೆಗೆದು ಇವಳ ತಟ್ಟೆಗೆ ಹಾಕಿದವಳು. ಆದರೆ ಹಾಕುತ್ತಲೇ ‘ಹಂಗಲ್ಲ, ಹಿಂಗ ಕಲಸು, ಬಾಯಿ ಮುಚ್ಚಿ ಅಗಿ’ ಎಂದು ಒಂದೇ ಉಸಿರಿಗೆ ನೂರು ಹೇಳುವವಳು. ಆ ಬಾಯಿ ಮುಚ್ಚಿದ್ದನ್ನು ಅವಳ ಗಂಡ ಕೂಡ ಕಂಡಿರಲಿಲ್ಲ. ಪಾಪ, ಆತ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಅಲ್ಲೇ ಇರತೊಡಗಿ ಆರು ವರ್ಷವಾಗಿತ್ತು. ಬೆಳೆ ಕಾಯುತ್ತೇನೆ ಅಂತ ಹೇಳುತ್ತಿದ್ದ. ಬೇಸಿಗೆಯಲ್ಲಿ ಯಾವ ಬೆಳೆ ಎಂದು ಯಾರೂ ಕೇಳಲಿಲ್ಲ.

ಬಾಳವ್ವ ಅಡ್ಡಬಿದ್ದು ಎದ್ದವಳೇ ಶುರು ಮಾಡಿದಳು.

“ಅಪ್ಪಾರ, ಈಕಿ ಕೈಲಿಂದ ನನಗ ಸಾಕಾಗಿ ಹೋಗೇತ್ರಿ. ಕಬಡ್ಡಿ ಆಡ್ತಾಳ. ಮನ್ಯಾಗ ಅಂಗಳದಾಗ ಆಡಿದ್ರ ಹುಲಿ. ಆರು ಮಂದಿ ಗಂಡಸರು ಹಿಡದ್ರೂ ಬಿಡಿಸ್ಕೊಂಡು ಬರ್ತಾಳ. ಪಂದ್ಯ ಅಂತ ಮೈದಾನಕ್ಕ ಇಳದ್ರ ಮುಗೀತು, ಆಟದ ಮ್ಯಾಲ ಧ್ಯಾಸನ ಇರೂದಿಲ್ಲ. ಎರಡು ವರ್ಷ ಜಿಲ್ಲಾ ತಂಡದ ಆಯ್ಕಿ ಪಂದ್ಯದಾಗ ಸೋತು ಬಂದಾಳ. ಈ ಸಲ ಬಿಟ್ರ ವಯಸ್ಸು ಮೀರ್ತು, ಕಿರಿಯರ ತಂಡಕ್ಕ ತಗೊಳ್ಳೂದಿಲ್ಲ. ಬರೋ ಗುರುವಾರನ ಪಂದ್ಯ. ಏನರ ಒಂದು ಯಂತ್ರ ಕಟ್ರಿ.”

ಯಂತ್ರ ಕಟ್ಟಲು ಹುಡುಗಿಯ ಮೈಮೇಲೆ ಜಾಗವಾದರೂ ಎಲ್ಲಿತ್ತು? ಬಲತೋಳಿಗೆ ಒಂದು ತಾಯಿತ, ಎಡತೋಳಿಗೆ ಒಂದು, ಸೊಂಟಕ್ಕೆ ಕರಿದಾರ, ಕಾಲಿಗೆ ದರ್ಗಾದ ಹಸಿರುದಾರ. ಹಿಡಿಯುವ ಎದುರಾಳಿಗಳಿಗೆ ಹಿಡಿಕೆ ಮಾಡಿಕೊಟ್ಟ ಹಾಗೆ ಇತ್ತು.

ಅಜ್ಜನವರು ಹುಡುಗಿಯ ಕಡೆ ತಿರುಗಿ, “ಮೈದಾನದಾಗ ಏನಾಗ್ತದವ್ವ ನಿನಗ?” ಎಂದರು.

ಸುಗಲಾ ಬಾಯಿ ತೆರೆಯುವ ಮುಂಚೆ ದೊಡ್ಡವ್ವನ ಮುಖ ನೋಡಿದಳು. ನೋಡಿದ್ದೇ ತಡ, ಬಾಳವ್ವನೇ ಉತ್ತರ ಕೊಟ್ಟಳು. “ಆಕಿ ಏನ್ ಹೇಳ್ತಾಳ್ರಿ, ನಾ ಹೇಳ್ತೀನಿ. ಕಬಡ್ಡಿ ಕಬಡ್ಡಿ ಅನ್ಕೋತ ನಡುಗೆರಿ ದಾಟ್ತಾಳ. ದಾಟಿದ ಕೂಡಲೇ ಕಣ್ಣು ಎಡಗಡಿ ಹೊರಳತಾವ. ಎದುರಿಗೆ ಏಳು ಮಂದಿ ನಿಂತಾರ, ಅವರನ್ನ ಬಿಟ್ಟು ಈಕಿ ಮಂದ್ಯಾಗ ಯಾರನ್ನೋ ನೋಡ್ತಾಳ. ಅಷ್ಟರಾಗ ಕಾಲು ಹಿಡೀತಾರ.”

ಇಲ್ಲಿಗೆ ಬಾಳವ್ವ ದನಿ ತಗ್ಗಿಸಿದಳು. ತಗ್ಗಿಸಿದರೂ ಅಡುಗೆಮನೆಯವರೆಗೆ ಕೇಳುತ್ತಿತ್ತು. “ಎಡಗಡಿ ಗೆರಿ ಹಿಂದ ಯಾರು ನಿಂದಿರ್ತಾರ ಗೊತ್ತೇನ್ರಿ? ಆ ಪಂಪ್‌ಸೆಟ್ ರಿಪೇರಿ ಮುರಿಗೆಪ್ಪ. ಮೀಸಿ ತಿರುವಿಕೊಂಡು. ಯಾವ ಊರಾಗ ಪಂದ್ಯ ಇದ್ರೂ ಅಲ್ಲಿ ಬಂದು ನಿಂದಿರ್ತಾನ. ನಾ ಕಣ್ಣಾರೆ ಕಂಡೀನಿ.”

ಸುಗಲಾ ತಲೆ ತಗ್ಗಿಸಿದಳು. ಕಣ್ಣಲ್ಲಿ ನೀರು ತುಂಬಿತು. ಈ ಮಾತು ಅವಳಿಗೆ ಹೊಸದಲ್ಲ. ಬಾಳವ್ವ ಇದನ್ನು ಮಠಕ್ಕೆ ತರುವ ಮುಂಚೆ ಓಣಿಯ ನಾಲ್ಕು ಮನೆಗೆ ಮುಟ್ಟಿಸಿಯಾಗಿತ್ತು. ನಾಲ್ಕು ಮನೆ ಎಂದರೆ ಓಣಿಯೆಲ್ಲ ಎಂದೇ ಲೆಕ್ಕ. ನೀರಿಗೆ ಹೋದರೆ ಹೆಂಗಸರು ಮೊಣಕೈಯಿಂದ ತಿವಿದು ನಗುತ್ತಿದ್ದರು. ಸಾಕಿದ ಮಗಳ ಹೆಸರಿಗೆ ಸ್ವಂತ ಬಾಯಿಂದ ಮಸಿ ಬಳಿದು, ಆಮೇಲೆ ಯಂತ್ರ ಬೇಡಲು ಬಂದವಳಿಗೆ ಏನೆನ್ನಬೇಕು? ಬೇರೆ ಸ್ವಾಮಿಗಳಾಗಿದ್ದರೆ ಗದರಿಸಿ ಕಳಿಸುತ್ತಿದ್ದರು. ನಮ್ಮ ಅಜ್ಜನವರಿಗೆ ಸಮುದ್ರದಂಥ ತಾಳ್ಮೆ.

ಪೂಜ್ಯರು ತಾವು ಹೊಸೆಯುತ್ತಿದ್ದ ಹಗ್ಗದ ತುದಿಗೆ ಒಂದು ಕಟ್ಟಿಗೆಯ ತುಂಡು ಸಿಕ್ಕಿಸಿ ಸುಗಲಾಳ ಕೈಗೆ ಕೊಟ್ಟರು. “ಇದನ್ನ ತಿರುವಿಕೋತ ಹಿಂದ ಸರಿ. ನಾ ಇಲ್ಲಿಂದ ನಾರು ಕೊಡ್ತೀನಿ.”

ಹಗ್ಗ ಮಾಡಿದವರಿಗೆ ಗೊತ್ತು. ತಿರುವುವವರು ಒಂದೇ ಬಿಗಿಯಲ್ಲಿ ಎಳೆದು ಹಿಡಿದು ಸರಿಯಬೇಕು. ಕೈ ಸ್ವಲ್ಪ ಸಡಿಲಾದರೆ ಹುರಿ ತಾನೇ ಸುತ್ತಿಕೊಂಡು ಗಂಟಾಗುತ್ತದೆ. ಹುಡುಗಿ ತಿರುವತೊಡಗಿದಳು. ಎರಡು ಹೆಜ್ಜೆ ಸರಿದಿರಲಿಲ್ಲ, ಬಾಳವ್ವ ಶುರು ಹಚ್ಚಿದಳು. “ಹಂಗಲ್ಲ ಬೇ, ಬಿಗಿ ಹಿಡಿ. ಬಲಗೈ ಮ್ಯಾಲ ಮಾಡು. ಹಿಂದ ಕಲ್ಲೈತಿ ನೋಡು. ಅಪ್ಪಾರ ಹಗ್ಗ ಕೆಡಿಸಿಗಿಡಿಸೀ.” ಪ್ರತಿ ಮಾತಿಗೂ ಸುಗಲಾಳ ಕಣ್ಣು ಹಗ್ಗದಿಂದ ದೊಡ್ಡವ್ವನ ಮುಖಕ್ಕೆ ಹೋಗಿ ಬರುತ್ತಿತ್ತು. ಹೋದಾಗಲೊಮ್ಮೆ ಒಂದು ಗಂಟು. ಒಂದು ಮಾರಿನೊಳಗೆ ಐದು ಗಂಟು ಬಿದ್ದವು.

“ನೋಡ್ರಿ ಅಪ್ಪಾರ, ನಾ ಏನ್ ಹೇಳಿದೆ? ಧ್ಯಾಸನ ಇಲ್ಲ.”

ಅಜ್ಜನವರು ಗಂಟು ಬಿಡಿಸುತ್ತ, “ಬಾಳವ್ವ, ದಾಸೋಹದ ಮನ್ಯಾಗ ರೊಟ್ಟಿ ಬಡಿಯಾಕ ಒಬ್ಬಾಕಿ ಕಡಿಮಿ ಅದಾಳಂತ. ಹೋಗಿ ಹತ್ತು ರೊಟ್ಟಿ ಬಡದು ಬಾ” ಎಂದರು.

ಬಾಳವ್ವನಿಗೆ ಹೋಗಲು ಮನಸ್ಸಿಲ್ಲ. ಆದರೆ ಪೂಜ್ಯರ ಮಾತು. ಹೋದಳು. ಹತ್ತು ರೊಟ್ಟಿ ಬಡಿಯುವಷ್ಟರಲ್ಲಿ ಅಡುಗೆಯ ಹೆಂಗಸಿನ ಅಳಿಯ ಕುಡಿಯುವುದು ಬಿಟ್ಟದ್ದು ಖರೆ ಹೌದೋ ಅಲ್ಲವೋ ಎಂಬುದನ್ನೂ ವಿಚಾರಿಸಿಕೊಂಡು, ಹಿಟ್ಟಿನ ಕೈ ಒರೆಸುತ್ತ ತಿರುಗಿ ಬಂದಳು. ಬಂದು ನೋಡಿದರೆ ಸುಗಲಾ ಕೊಟ್ಟಿಗೆಯ ಆ ಕಡೆಯ ಬೇವಿನ ಮರ ಮುಟ್ಟಿದ್ದಳು. ಹನ್ನೆರಡು ಮಾರು ಹಗ್ಗ, ಒಂದು ಗಂಟಿಲ್ಲ. ಹುಡುಗಿಯ ಕಣ್ಣು ಎವೆಯಿಕ್ಕದೆ ತಿರುಗುವ ಹುರಿಯ ಮೇಲಿತ್ತು. ಮೂಗಿನ ತುದಿಯಲ್ಲಿ ಕೂತ ನೊಣವೂ ಅವಳಿಗೆ ಗೊತ್ತಿರಲಿಲ್ಲ.

“ಅಯ್ಯ, ಇಷ್ಟೆಲ್ಲಾ ಆತೇನ?” ಎಂದಳು ಬಾಳವ್ವ.

ಸುಗಲಾ ತಲೆಯೆತ್ತಿ ನೋಡಿದಳು. ಕೈ ಸಡಿಲಾಯಿತು. ಹಗ್ಗದ ನಟ್ಟನಡುವೆ ಒಂದು ಗಂಟು ಬಿತ್ತು.

ಪೂಜ್ಯರು ಎದ್ದು ಹೋಗಿ ಆ ಗಂಟಿನ ಮೇಲೆ ಬೆರಳಿಟ್ಟರು. ಆಮೇಲೆ ಬಾಳವ್ವನ ಕಡೆ ನೋಡಿದರು.

“ಎಡಗಡಿ ಗೆರಿ ಹಿಂದ ಮುರಿಗೆಪ್ಪ ನಿಂದಿರ್ತಾನ. ಅವನ ಮುಂದ ಯಾರು ಕೂಡ್ತಾರ?”

ಬಾಳವ್ವ ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು. ಯಾವ ಊರಿನ ಪಂದ್ಯವಿದ್ದರೂ ಮುಂಜಾನೆಯೇ ಹೋಗಿ ಎಡಗೆರೆಯ ಪಕ್ಕ ಕಂಬಳಿ ಹಾಸಿ ಜಾಗ ಹಿಡಿಯುವವಳು ಅವಳೇ. ಮಗಳು ನಡುಗೆರೆ ದಾಟಿದಳೆಂದರೆ ‘ಮೂಲಿಯಾಕಿ ಕಾಲು ಮುಟ್ಟು, ಬಲಕ್ಕ ಹೊರಳು, ಹಿಂದ ಬಂದಾಳ ನೋಡು’ ಎಂದು ಗಂಟಲು ಹರಿಯುವಂತೆ ಕೂಗುವವಳೂ ಅವಳೇ. ಅದು ಮಗಳಿಗಷ್ಟೇ ಅಲ್ಲ, ಎದುರಾಳಿಗಳಿಗೂ ಕೇಳುತ್ತದೆ ಎಂಬ ಬುದ್ಧಿ ಇಷ್ಟು ವರ್ಷ ಹೊಳೆದಿರಲಿಲ್ಲ.

“ಆಕಿ ಕಣ್ಣು ಯಾರ ಮೀಸಿ ಮ್ಯಾಲೂ ಇಲ್ಲ” ಎಂದರು ಅಜ್ಜನವರು. “ನಿನ್ನ ಬಾಯಿ ಮ್ಯಾಲ ಅದಾವ.”

ಹುಡುಗಿ ಬೇವಿನ ಮರಕ್ಕೆ ಮುಖ ಮಾಡಿ ಅತ್ತಳು. ಬಾಳವ್ವ ಅಳಲಿಲ್ಲ, ಅವಳಿಗೆ ಸಿಟ್ಟು ಬಂದಿತ್ತು. “ನಾ ಆಕಿ ಸಲುವಾಗಿ ಕೂಗ್ತೀನ್ರಿ. ತಾಯಿ ಇಲ್ಲದ ಕೂಸು. ನಾ ಹೇಳದಿದ್ರ ಯಾರು ಹೇಳಬೇಕು? ಸುಮ್ಮ ಕೂತು ಬೀಳೂದನ್ನ ನೋಡಬೇಕೇನು?”

“ನೋಡಬ್ಯಾಡ” ಎಂದರು ಅಜ್ಜನವರು. ಒಂದು ಕಟ್ಟು ಪುಂಡಿನಾರು ತೆಗೆದು ಅವಳ ಉಡಿಗೆ ಹಾಕಿದರು. “ಮಠದ ಕರುವಿಗೆ ಹಗ್ಗ ಬೇಕು. ಗುರುವಾರ ಆಟ ಶುರು ಆದಾಗ ನೀ ಶುರು ಮಾಡು, ಮುಗಿದಾಗ ಮುಗಿಸು. ಎಳಿ ಹಲ್ಲಿನಾಗ ಕಚ್ಚಿಕೊಂಡಿರು, ಉಗುಳಿಗೆ ಒದ್ದಿ ಇರ್ತಾವ. ಬಿಟ್ರ ಹಗ್ಗ ಕೆಟ್ಟಿತು. ಮತ್ತ, ನಾಲ್ಕು ಮನಿಗೆ ಹಚ್ಚಿ ಬಂದ ಮಾತು ಗುರುವಾರದೊಳಗ ವಾಪಸ್ ತಗೊಂಡು ಬಾ.”

ಬಾಳವ್ವ ನಾಲ್ಕೂ ಮನೆಗೆ ಹೋದಳು. ಹಚ್ಚಲು ಒಂದು ತಾಸು ಸಾಕಾಗಿತ್ತು, ತೆಗೆಯಲು ಎರಡು ದಿನ ಬೇಕಾಯಿತು. ಕೇಳಿದವರಿಗೆ ಮೊದಲಿನ ಮಾತೇ ರುಚಿ. ‘ಇಲ್ಲವ್ವ, ನಾ ಅಂದದ್ದು ಸುಳ್ಳು’ ಎಂದರೆ ‘ಈಗ ಮುಚ್ಚಾಕತ್ತಿ’ ಎಂದು ಕಣ್ಣು ಹೊಡೆದರು. ತನ್ನ ಕೈಯಡುಗೆ ತಾನೇ ಉಣ್ಣುವುದು ಎಷ್ಟು ಕಷ್ಟವೆಂದು ಅವಳಿಗೆ ಆಗ ತಿಳಿಯಿತು. ಮುರಿಗೆಪ್ಪನ ಅಂಗಡಿಯ ಮುಂದೆ ನಿಂತು ತಪ್ಪಾಯಿತೆಂದಾಗ ಆತ ಮೋಟಾರು ಬಿಚ್ಚುತ್ತ, “ನನ್ನ ಹೆಣ್ತಿ ವಾರದಿಂದ ನನಗ ಬಿಸಿ ರೊಟ್ಟಿ ಹಾಕಿಲ್ಲ ಬೇ. ಅದನ್ನೂ ಅಪ್ಪಾರಿಗೆ ಹೇಳು” ಎಂದನಂತೆ.

ಗುರುವಾರ ಬಂತು. ಪೂಜ್ಯರ ಅಪ್ಪಣೆಯಂತೆ ಸುಗಲಾ ತಾಯಿತ, ದಾರಗಳನ್ನೆಲ್ಲ ಬಿಚ್ಚಿ ಮಠದ ಗೂಡಿನಲ್ಲಿಟ್ಟು ಮೈದಾನಕ್ಕೆ ಇಳಿದಳು. ಬಾಳವ್ವ ಎಡಗೆರೆಯ ಪಕ್ಕ ಕಂಬಳಿ ಹಾಸಿ, ನಾರಿನ ಎಳೆಗಳನ್ನು ಹಲ್ಲಿನಲ್ಲಿ ಕಚ್ಚಿ, ಹುರಿಯ ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿ ಕೂತಳು. ಜನ ನಕ್ಕರು. ಬಾಳವ್ವನ ಬಾಯಿಗೆ ಹೊಲಿಗೆ ಹಾಕಿದ್ದಾರೇನು ಎಂದು ಯಾರೋ ಕೇಳಿದರು. ಉತ್ತರ ನಾಲಿಗೆಯ ತುದಿಗೆ ಬಂದಿತ್ತು, ನಾರು ತಡೆಯಿತು.

ಸೀಟಿ ಊದಿದರು. ಮೊದಲ ಸಲ ಸುಗಲಾ ನಡುಗೆರೆ ದಾಟಿದಳು, ಹಳೆಯ ಚಾಳಿಯಂತೆ ಎಡಕ್ಕೆ ನೋಡಿದಳು. ಅಲ್ಲಿ ದೊಡ್ಡವ್ವನ ಬಾಯಿಯಲ್ಲಿ ನಾರಿತ್ತು, ಕಣ್ಣು ಹಗ್ಗದ ಮೇಲಿತ್ತು. ನೋಡಿದಷ್ಟರಲ್ಲೇ ಅವಳನ್ನು ಹಿಡಿದುಬಿಟ್ಟರು. ಮಂದಿ ಓ ಎಂದದ್ದು ಕೇಳಿ ಬಾಳವ್ವ ಎಳೆಯನ್ನು ಇನ್ನೂ ಬಿಗಿಯಾಗಿ ಕಚ್ಚಿದಳು. ಕೂಗಬೇಕು. ಕೂಗದಿದ್ದರೆ ಎದೆ ಒಡೆಯುತ್ತದೆ. ಎಳೆ ಕಚ್ಚಿದ ಹಲ್ಲು ನೋಯತೊಡಗಿತು, ಬೆರಳು ತಪ್ಪಿ ಹುರಿ ಉಬ್ಬುತಗ್ಗಾಗಿ ಬಂತು. ಅಜ್ಜನವರೇ, ಇದೆಂಥ ಶಿಕ್ಷೆ ಎಂದು ಒಳಗೊಳಗೇ ಬೈದಳು. ಮಹಾತ್ಮರನ್ನು ಬೈದ ಪಾಪ ಬೇರೆ.

ಆಮೇಲೆ ಏನಾಯಿತೋ ಬಾಳವ್ವನಿಗೆ ತಿಳಿಯದು. ಒಂದು ಎಳೆ ಮುಗಿಯುವ ಮುಂಚೆ ಇನ್ನೊಂದನ್ನು ಕೂಡಿಸಬೇಕು, ಕೂಡಿಸಿದ ಜೋಡು ಕಾಣಬಾರದು. ಅದನ್ನೇ ನೋಡಿದಳು. ಮತ್ತೊಂದು ಎಳೆ. ಮತ್ತೊಂದು. ಮಂದಿಯ ಗದ್ದಲ ದೂರದ ಹಳ್ಳದ ಸದ್ದಿನಂತಾಯಿತು.

ಯಾರೋ ಮುಂದೆ ಬಂದು ನಿಂತರು. ಮಣ್ಣು ಮೆತ್ತಿದ ಎರಡು ಕಾಲು. ಒಂದು ಮೊಣಕಾಲು ತರಚಿತ್ತು. ಬಾಳವ್ವ ತಲೆಯೆತ್ತಿದಳು.

“ದೊಡ್ಡವ್ವ, ಮುಗೀತು” ಎಂದಳು ಸುಗಲಾ. “ಹದಿನಾರು ಅಂಕ ನಂದಽ. ತಂಡದ ಪಟ್ಟಿಯಾಗ ನನ್ನ ಹೆಸರು ಓದಿದ್ರು.”

ಎದುರು ತಂಡದ ನಾಯಕಿ ಹಿಂದಿನಿಂದ ಬಂದು ನಡು ಹಿಡಿದುಕೊಂಡು ಬಾಳವ್ವನ ಮುಂದೆ ನಿಂತಳು. “ಏನಬೇ ಆಯಿ, ಇವತ್ತ ಬಾಯಿ ಹೋಗಿತ್ತೇನು? ಎರಡು ವರ್ಷ ನೀನಽ ನಮಗ ಹೇಳಿಕೊಡ್ತಿದ್ದಿ, ಈಕಿ ಎತ್ತ ಬರ್ತಾಳ ಅಂತ. ಇವತ್ತ ಕೈ ಕೊಟ್ಟಿ.”

ಬಾಳವ್ವ ಬಾಯಿಂದ ನಾರು ತೆಗೆಯಲೇ ಇಲ್ಲ. ಹಾಗೆಯೇ ಸುಗಲಾಳ ಮಣ್ಣುಮೈಯನ್ನು ಅಪ್ಪಿಕೊಂಡಳು.

ಮರುದಿನ ಇಬ್ಬರೂ ಹಗ್ಗ ತೆಗೆದುಕೊಂಡು ಮಠಕ್ಕೆ ಬಂದರು. ಅಜ್ಜನವರು ಅದನ್ನು ಕೈಯಲ್ಲಿ ಹಿಡಿದು ಮೊದಲಿಂದ ಸವರುತ್ತ ಬಂದರು. ಮೊದಲ ಒಂದು ಮಾರು ಇಲಿ ನುಂಗಿದ ಹಾವಿನಂತೆ ಉಬ್ಬುತಗ್ಗು. ಅಲ್ಲಿಂದ ಮುಂದೆ ತುದಿಯವರೆಗೆ ಒಂದೇ ಸಮ, ಜೋಡು ಎಲ್ಲಿದೆಯೆಂದು ಬೆರಳಿಗೂ ಸಿಗದಂತೆ. ಪೂಜ್ಯರ ಕೈ ಆ ಎರಡೂ ಕೂಡುವ ಜಾಗದಲ್ಲಿ ನಿಂತಿತು.

“ಆಟ ಹೆಂಗಿತ್ತು ಬಾಳವ್ವ? ಏನ್ ನೋಡಿದಿ?”

“ಹಗ್ಗ ನೋಡಿದೆ ಅಪ್ಪಾರ” ಎಂದಳು ಬಾಳವ್ವ. ಅಷ್ಟೇ. ಆ ಹೆಂಗಸಿನ ಜನ್ಮದಲ್ಲಿ ಅಷ್ಟು ಚಿಕ್ಕ ಉತ್ತರ ಅದೇ ಮೊದಲು.

ಪೂಜ್ಯರು ನಕ್ಕು, ಆ ಹಗ್ಗವನ್ನು ಕರುವಿನ ಕೊರಳಿಗೆ ತಾವೇ ಕಟ್ಟಿದರು.

ಇಂದಿಗೂ ಓಣಿಯ ಹೆಂಗಸರು ಹೊಸ ಸುದ್ದಿಯೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಾಳವ್ವನ ಕಟ್ಟೆಗೆ ಬರುತ್ತಾರೆ. ಎಂಥ ಸುದ್ದಿಗಳು ಅವು, ಕೇಳಿದರೆ ರಾತ್ರಿ ನಿದ್ದೆ ಬಾರದಂಥವು. ಬಾಳವ್ವ ಬನ್ನಿ ಕೂಡ್ರಿ ಎಂದು ಚಾಪೆ ಹಾಸುತ್ತಾಳೆ. ಹಾಸಿ, ನಾಲ್ಕು ಎಳೆ ಪುಂಡಿನಾರು ತೆಗೆದು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಾಳೆ. ಬಂದವರು ತಾವೇ ಸ್ವಲ್ಪ ಹೊತ್ತು ಮಾತಾಡಿ, ಬೇಸತ್ತು, ಎದ್ದು ಹೋಗುತ್ತಾರೆ. ಗಂಡ ಹೊಲದ ಗುಡಿಸಲು ಕಿತ್ತು ಮನೆಗೆ ಬಂದಿದ್ದಾನೆ. ಬೋಳಬಂಡೆಯ ಅಜ್ಜನವರ ಪಾದವನ್ನು ನೆನೆದವರ ಮನೆಯಲ್ಲಿ ಇಷ್ಟಾದರೂ ಶಾಂತಿ ನೆಲೆಸಲಿ.